ಐದು ಬಾಟಲಿಗೆ ನಲವತ್ತು ಕೆಜಿ ಕೊಬ್ಬರಿ

2024ರ ಆರಂಭದಲ್ಲಿ ಅಟ್ಟದ ಕೊಬ್ಬರಿ ಇಳಿಸಿ ತಿಪಟೂರಿನ ಎಪಿಎಂಸಿಗೆ ಹಾಕಿ ಬಂದಿದ್ದೆವು. ಮರುವಾರವೇ ತುರುವೇಕೆರೆ ಹತ್ತಿರದ ನಮ್ಮ ಮನೆಗೆ ಪರಿಚಯದವರೊಬ್ಬರು ಪೆಟ್ಟಿಗೆ ಹಿಡಿದು ಬಂದರು. ಪಾತ್ರೆಗೊಂದು, ನೆಲಕ್ಕೊಂದು, ಬಚ್ಚಲಿಗೊಂದು ಅಂತ ಐದು ಬಾಟಲಿ. ಎಲ್ಲವೂ ನೈಸರ್ಗಿಕ, ಅಡುಗೆಮನೆಯ ಪದಾರ್ಥದಿಂದಲೇ ಮಾಡಿದ್ದು, ವರ್ಷಪೂರ್ತಿ ಬರುತ್ತೆ ಅಂದರು. ಸಿಂಕಿಗೆ ಒಂದರಿಂದ ಹುಳಿ ನೀರು ಸುರಿದು, ಇನ್ನೊಂದರಿಂದ ಬಿಳಿ ಪುಡಿ ಉದುರಿಸಿದರು. ಬುಸ್ಸನೆ ನೊರೆ ಎದ್ದಿತು. ಎದ್ದ ನೊರೆ ಇಳಿಯುವುದರೊಳಗೆ ನಾನು 4,800 ರೂಪಾಯಿ ಎಣಿಸಿ ಕೊಟ್ಟಿದ್ದೆ.

ಆ ನೊರೆಯ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಪುಡಿ ಅಡುಗೆ ಸೋಡಾ, ನೀರು ನಿಂಬೆ ಉಪ್ಪಿನದು, ಅಂದರೆ ಸಿಟ್ರಿಕ್ ಆಮ್ಲದ್ದು. ಸೋಡಾ ಒಂದೇ ಇದ್ದರೆ ಜಿಡ್ಡು ಬಿಡಿಸುತ್ತದೆ, ಹುಳಿ ಒಂದೇ ಇದ್ದರೆ ನಲ್ಲಿಯ ಬಿಳಿ ಕರೆ ಕರಗಿಸುತ್ತದೆ. ಎರಡೂ ಕೂಡಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಬುಸ್ಸನೆ ಮೇಲೆದ್ದದ್ದು ಬರೀ ಇಂಗಾಲದ ಡೈಆಕ್ಸೈಡ್. ಕೆಳಗೆ ಉಳಿಯುವುದು ಉಪ್ಪುನೀರಿನಂಥ ನೀರು. ಕೆಲಸ ಮುಗಿದು ಹೋದದ್ದನ್ನು ಕೆಲಸ ನಡೆಯುತ್ತಿದೆ ಅಂತ ತೋರಿಸಿ ಮಾರುವುದು ನನಗೆ ಸರಿಯಾಗಿ ಕಾಣುವುದಿಲ್ಲ.

ವರ್ಷ ಬರಬೇಕಾದದ್ದು ನಾಲ್ಕು ತಿಂಗಳಿಗೆ ತಳ ಕಂಡಿತು. ಕಾರಣ ನಮ್ಮ ಬೋರಿನ ನೀರು. ಗಡಸು ನೀರಿನಲ್ಲಿ ಸೋಪಿನ ಒಂದು ಪಾಲು ಸುಣ್ಣದಂಶದ ಜೊತೆ ಸೇರಿ ಬಿಳಿ ಕೆನೆಯಾಗಿ ಬಕೆಟ್ಟಿನ ಅಂಚಿಗೆ ಅಂಟುತ್ತದೆ, ಉಳಿದದ್ದು ಮಾತ್ರ ತೊಳೆಯುತ್ತದೆ. ಹೇಮಾವತಿ ನೀರು ಸಿಕ್ಕ ದಿನ ಅರ್ಧ ಚಮಚಕ್ಕೆ ಬರುವ ನೊರೆ, ಬೋರಿನ ನೀರಿಗೆ ಎರಡು ಚಮಚ ಹಾಕಿದರೂ ಬರುವುದಿಲ್ಲ. ಬಾಟಲಿಯ ಮೇಲೆ ಬರೆದ ಅಳತೆ ಯಾವ ಊರಿನ ನೀರಿಗೆ ಅಂತ ನಾನು ಕೇಳಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಆ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ, ಅಂದರೆ ಕೆಜಿಗೆ 120. ಮಾರುಕಟ್ಟೆಯ ದರ ಆಗ ಅದಕ್ಕಿಂತ ಕೆಳಗಿತ್ತು; ಆದರೂ ಬೆಂಬಲ ಬೆಲೆಯನ್ನೇ ಹಿಡಿಯೋಣ. 4,800ಕ್ಕೆ 40 ಕೆಜಿ ಕೊಬ್ಬರಿ. ನಮ್ಮ ತೋಟದ ಗಿಟುಕು (ಉಂಡೆ ಕೊಬ್ಬರಿ) ಕೆಜಿಗೆ ಎಂಟು ತೂಗುತ್ತವೆ, ಅಲ್ಲಿಗೆ 320 ಕಾಯಿ. ಮರಕ್ಕೆ ವರ್ಷಕ್ಕೆ ಅರವತ್ತರ ಆಸುಪಾಸು ಕಾಯಿ ಸಿಗುವ ಕಡೆ ಇದು ಐದು ಮರದ ವರ್ಷದ ಫಸಲು. ಅದರ ಮೇಲೆ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಲ. ಕೀಳುವ ಕೂಲಿ, ಸುಲಿಯುವ ಕೂಲಿ ನಾನಿನ್ನೂ ಕಳೆದಿಲ್ಲ. ಬಾಟಲಿ ಬಂದದ್ದು 120 ದಿನ. ದಿನಕ್ಕೆ 40 ರೂಪಾಯಿ, ಎರಡೂವರೆ ಕಾಯಿಗೂ ಮಿಕ್ಕಿ. ನಮ್ಮ ಮನೆಯಲ್ಲಿ ಸಾರು, ಪಲ್ಯ, ಚಟ್ನಿ ಎಲ್ಲಕ್ಕೂ ಸೇರಿ ದಿನಕ್ಕೆ ಒಡೆಯುವುದು ಒಂದೇ ಕಾಯಿ. ಉಣ್ಣುವುದಕ್ಕೆ ಒಂದು, ಉಂಡ ತಟ್ಟೆ ತೊಳೆಯುವುದಕ್ಕೆ ಎರಡೂವರೆ!

ಪಾತ್ರೆ ತೊಳೆಯುವ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ, ನೊರೆ ಬರಿಸುವ ಅಂಶ ತೆಂಗಿನಿಂದ ಪಡೆದದ್ದು ಅಂತ ಬರೆದಿತ್ತು. ಅದು ನಿಜವೇ ಇರಬೇಕು. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಇರುವ ಲಾರಿಕ್ ಆಮ್ಲ ಸೋಪಿಗೂ ನೊರೆಗೂ ಹೇಳಿ ಮಾಡಿಸಿದ್ದು. ಓದಿದ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ನಷ್ಟವೂ ಆಯಿತು. ನೈಸರ್ಗಿಕ ತಾನೆ ಅಂತ ಬಚ್ಚಲಿನ ಹುಳಿ ದ್ರವವನ್ನೇ ನಡುಮನೆಯ ಮೊಸಾಯಿಕ್ ನೆಲಕ್ಕೂ ಸುರಿದು ಉಜ್ಜಿಸಿದೆ. ಮೊಸಾಯಿಕ್‌ನಲ್ಲಿ ಇರುವುದು ಅಮೃತಶಿಲೆಯ ಚೂರು, ಸಿಮೆಂಟು. ಹುಳಿ ಎರಡನ್ನೂ ತಿನ್ನುತ್ತದೆ. ಮೊರದಗಲ ಜಾಗ ಹೊಳಪು ಹೋಗಿ ಮಂಕಾಯಿತು. ನಿಂಬೆಯೂ ಅಷ್ಟೇ, ಹುಣಸೆಯೂ ಅಷ್ಟೇ: ಹಿತ್ತಾಳೆ ದೀಪಕ್ಕೆ, ತಾಮ್ರದ ಹಂಡೆಗೆ ಉಪ್ಪಿನ ಜೊತೆ ಸೈ, ಕಲ್ಲಿನ ನೆಲಕ್ಕೆ ಬೇಡ.

ಈಗ ಹಳೆಯ ಪದ್ಧತಿಗೆ ಮರಳಿದ್ದೇವೆ. ಹಂಡೆ ಒಲೆಗೆ ಕರಟ, ಮಟ್ಟೆ ಉರಿಸಿದ ಬೂದಿಯನ್ನು ಜರಡಿ ಹಿಡಿದು ಇಡುತ್ತೇವೆ. ಅದರ ಕ್ಷಾರ ಎಣ್ಣೆ ಪಾತ್ರೆಗೆ ಸಾಕು, ಉಜ್ಜಲು ತೆಂಗಿನ ಜುಂಗು. ಅಲ್ಯೂಮಿನಿಯಂಗೆ ಬೂದಿ, ಸೋಡಾ ಎರಡೂ ಆಗದು, ಕಪ್ಪಾಗುತ್ತದೆ. ನಲ್ಲಿಯ ಕರೆಗೆ ಲೀಟರ್ ಬಿಸಿ ನೀರಿಗೆ ಎರಡು ಚಮಚ ನಿಂಬೆ ಉಪ್ಪು, ಬಟ್ಟೆ ನೆನೆಸಿ ಸುತ್ತಿ ಅರ್ಧ ಗಂಟೆ ಬಿಟ್ಟು ಒರೆಸುವುದು. ನೀರಿನ ಸಂಪಿಗೆ ಮಾತ್ರ ಬ್ಲೀಚಿಂಗ್ ಪುಡಿಯೇ. ಅಡುಗೆಮನೆಯ ಹುಳಿ ಆ ಕೆಲಸ ಮಾಡುವುದಿಲ್ಲ. ಬ್ಲೀಚಿಂಗ್ ಜೊತೆ ಹುಳಿ ಸೇರಿಸಲೇಬೇಡಿ, ವಿಷಾನಿಲ ಏಳುತ್ತದೆ.

ನಮ್ಮ ಸೀಮೆಯವರಿಗೆ ಒಂದು ಮಾತು ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿ ಮನೆಗಳಿಗೆ ದುಡ್ಡು ತಿಂಗಳು ತಿಂಗಳು ಬರುವುದಿಲ್ಲ. ಅಟ್ಟ ಇಳಿದಾಗ ಇಡಿಯಾಗಿ ಬರುತ್ತದೆ. ಆ ವಾರ ನಮ್ಮ ಕೈ ನಮ್ಮ ಮಾತು ಕೇಳುವುದಿಲ್ಲ. ಮಾರುವವರಿಗೂ ಆ ವಾರ ಗೊತ್ತು. ಕೊಬ್ಬರಿ ಮಾರಿದ ಮೇಲೆ ಹದಿನೈದು ದಿನ ಮನೆ ಬಾಗಿಲಿಗೆ ಬಂದ ಯಾವುದನ್ನೂ ಕೊಳ್ಳಬೇಡಿ. ಕೊಳ್ಳಲೇಬೇಕಾದರೆ ಬೆಲೆಯನ್ನು ರೂಪಾಯಿಯಲ್ಲಿ ಬರೆಯಬೇಡಿ, ಕಾಯಿಯಲ್ಲಿ ಬರೆಯಿರಿ. ನಾನು ಈಗ ಹಾಗೇ ಬರೆಯುತ್ತೇನೆ. ಹೋದ ತಿಂಗಳ ಪುಟದಲ್ಲಿ ತೊಳೆಯುವ ಖರ್ಚು ಒಂಬತ್ತು ಕಾಯಿ.

ಮೊಸಾಯಿಕ್ ಪಾಲಿಶ್ ಮಾಡುವವರು ಬಂದು ನೋಡಿದರು. ಮೊರದಗಲಕ್ಕೆ ಮಷಿನ್ ತರಲಾಗದು, ಇಡೀ ನಡುಮನೆಗೆ ಕೊಡಿ ಅಂದರು. ಅವರ ದರವನ್ನೂ ಕಾಯಿಗೆ ತಿರುಗಿಸಿ ನೋಡಿ, ಮಂಕಾದ ಜಾಗದ ಮೇಲೆ ಚಾಪೆ ಹಾಸಿದೆವು.