ಕಲ್ಲಿನ ಚಿತ್ತಾರವೂ ಶ್ವಾಸಕೋಶದ ರಕ್ಷಣೆಯೂ

ಬೇಲೂರಿನ ಚೆನ್ನಕೇಶವ ದೇವಾಲಯದ ಜಾಲಂಧ್ರಗಳನ್ನು ಕಂಡವರಿಗೆ ಕಲ್ಲಿನ ರಂಧ್ರಗಳಿಂದ ಬೆಳಕು ಸೋಸಿ ಬರುವ ಸೊಬಗು ತಿಳಿದೇ ಇದೆ. ಆ ಬಗೆಯ ಸಣ್ಣ ಚಿತ್ತಾರಗಳನ್ನು ಇಂದು ತೆಳುವಾದ ಕಲ್ಲಿನ ಹಲಗೆಗಳಲ್ಲಿ ವಿದ್ಯುತ್ತಿನ ಸ್ಕ್ರಾಲ್ ಗರಗಸದಿಂದಲೂ ಕೊರೆಯುತ್ತಾರೆ. ನಕ್ಷೆಯನ್ನು ಹಲಗೆಗೆ ಅಂಟಿಸಿ, ಸಣ್ಣ ರಂಧ್ರ ಮಾಡಿ, ವಜ್ರದ ಕಣಗಳ ಲೇಪವುಳ್ಳ ಸಪೂರವಾದ ಅಲಗನ್ನು ಅದರಲ್ಲಿ ತೂರಿಸಿ, ಮೇಲೆ ಕೆಳಗೆ ಆಡುವ ಆ ಅಲಗಿಗೆ ಕಲ್ಲನ್ನು ಮೆಲ್ಲನೆ ಒಡ್ಡುವುದು ಇದರ ಕ್ರಮ.

ಈ ಕೆಲಸ ಮಾಡುವ ಯುವಕರೊಬ್ಬರು ಒಣಕೆಮ್ಮಿನಿಂದ ಬಳಲಿ ನಮ್ಮಲ್ಲಿಗೆ ಬಂದಿದ್ದರು. “ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ, ಸಂಜೆ ಬೆಲ್ಲ ತಿನ್ನುತ್ತೇನೆ. ಧೂಳು ಇಳಿದುಹೋಗುವುದಲ್ಲವೇ, ಡಾಕ್ಟ್ರೇ?” ಎಂದು ಕೇಳಿದರು. ಇಲ್ಲವೆಂದೇ ನಾವು ಹೇಳಬೇಕಾಯಿತು. ಬೆಲ್ಲ ಸೇರುವುದು ಜಠರವನ್ನು, ಧೂಳು ಸೇರುವುದು ಶ್ವಾಸಕೋಶವನ್ನು.

ಗ್ರಾನೈಟ್ ಮತ್ತು ಮರಳುಗಲ್ಲುಗಳಲ್ಲಿ ಸಿಲಿಕಾ ಹೇರಳವಾಗಿದೆ. ಮೃದುವಾದ ಬಳಪದ ಕಲ್ಲಿನ ಧೂಳನ್ನೂ ನಿರಪಾಯವೆಂದು ಭಾವಿಸಲಾಗದು. ಕಣ್ಣಿಗೆ ಕಾಣುವ ಧೂಳು ಮೂಗು, ಗಂಟಲುಗಳಲ್ಲೇ ಬಹುಮಟ್ಟಿಗೆ ತಡೆಯಲ್ಪಡುತ್ತದೆ. ಕಣ್ಣಿಗೆ ಕಾಣದ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿದು ಅಲ್ಲಿ ಗಾಯದ ಗಂಟುಗಳನ್ನು ಉಂಟುಮಾಡುತ್ತವೆ. ಇದೇ ಸಿಲಿಕೋಸಿಸ್. ಇದು ಬಂದವರಿಗೆ ಕ್ಷಯರೋಗದ ಅಪಾಯವೂ ಹೆಚ್ಚು. 1948ರ ಕಾರ್ಖಾನೆ ಕಾಯಿದೆಯು ಇದನ್ನು ವೃತ್ತಿಜನ್ಯ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು.

ಚರಕಸಂಹಿತೆಯು ಶ್ವಾಸರೋಗದ ಕಾರಣಗಳಲ್ಲಿ ಧೂಳು ಹೊಗೆಗಳನ್ನು ಹೆಸರಿಸಿದೆ. ರೋಗದ ಕಾರಣವನ್ನೇ ತ್ಯಜಿಸುವ ನಿದಾನ ಪರಿವರ್ಜನವು ಆಯುರ್ವೇದದ ಮೊದಲ ಚಿಕಿತ್ಸೆ. ಕಷಾಯ, ಲೇಹ್ಯಗಳು ಕೆಮ್ಮನ್ನು ಶಮನಗೊಳಿಸಬಹುದು. ಆದರೆ ಶ್ವಾಸಕೋಶದಲ್ಲಿ ಮೂಡಿದ ಗಾಯದ ಕಲೆಯನ್ನು ಅಳಿಸುವ ಔಷಧ ಯಾವ ವೈದ್ಯಪದ್ಧತಿಯಲ್ಲಿಯೂ ಇಲ್ಲ. ಆದುದರಿಂದ ಕೆಳಗಿನ ಎಚ್ಚರಿಕೆಗಳು ಅವಶ್ಯ.

1. ಕಲ್ಲನ್ನು ಒಣಗಿದಂತೆ ಕೊಯ್ಯಬಾರದು. ನೀರಿನ ಬಳಕೆಗೆಂದೇ ರೂಪಿಸಿದ ಯಂತ್ರದಲ್ಲಿ ನೀರು ಹನಿಸುತ್ತ ಕೊಯ್ಯಬೇಕು. ಸಾಮಾನ್ಯ ಯಂತ್ರಕ್ಕೆ ನೀರು ಸುರಿದರೆ ವಿದ್ಯುದಾಘಾತವಾದೀತು. ಅಂತಹದರಲ್ಲಿ ಅಲಗಿನ ಬಳಿಯೇ ಧೂಳನ್ನು ಹೀರಿ ಸೋಸುವ ಸಾಧನವಿರಬೇಕು.

2. ಅನೇಕ ಸ್ಕ್ರಾಲ್ ಗರಗಸಗಳಲ್ಲಿ ಗೆರೆ ಕಾಣಲೆಂದು ಪುಡಿಯನ್ನು ಊದುವ ಕೊಳವೆಯಿದೆ. ಅದು ಧೂಳನ್ನು ಗಾಳಿಗೆ ಎಬ್ಬಿಸುತ್ತದೆ. ಕಲ್ಲು ಕೊಯ್ಯುವಾಗ ಅದನ್ನು ಮುಚ್ಚಬೇಕು.

3. ಒದ್ದೆ ಬಟ್ಟೆ ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಅಥವಾ ಅದಕ್ಕಿಂತ ಉತ್ತಮ ಮುಖಗವಸು ಬೇಕು. ಗಡ್ಡವಿದ್ದರೆ ಅದು ಸರಿಯಾಗಿ ಕೂರದು.

4. ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಉಡುಪನ್ನು ಮನೆಯೊಳಗೆ ಕೊಡವಬಾರದು. ಆ ಧೂಳು ಮಕ್ಕಳ ಉಸಿರಿಗೂ ಸೇರುತ್ತದೆ.

5. ಎರಡು ವಾರ ಮೀರಿದ ಕೆಮ್ಮು, ಏದುಸಿರು ಅಥವಾ ತೂಕ ಇಳಿಕೆ ಕಂಡರೆ ವೈದ್ಯರಿಗೆ ತಮ್ಮ ಕಸುಬನ್ನು ತಪ್ಪದೆ ತಿಳಿಸಿ, ಎದೆಯ ಎಕ್ಸ್‌ರೇ ಹಾಗೂ ಕಫದ ಪರೀಕ್ಷೆ ಮಾಡಿಸಬೇಕು. ಧೂಮಪಾನವನ್ನು ಬಿಡಲೇಬೇಕು.

ಆ ಯುವಕರ ಎಕ್ಸ್‌ರೇಯಲ್ಲಿ ದೋಷ ಕಾಣಲಿಲ್ಲ. ಧೂಳು ತಪ್ಪಿದ ಮೇಲೆ ಕೆಮ್ಮೂ ಇಳಿಯಿತು. ಆದರೆ ಕಲೆಗಳು ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳಲು ಅನೇಕ ವರ್ಷಗಳೇ ಬೇಕಾಗಬಹುದಾದ್ದರಿಂದ ಪ್ರತಿವರ್ಷ ತಪಾಸಣೆಗೆ ಬರಬೇಕೆಂದು ತಿಳಿಸಿದ್ದೇವೆ. ಕಾಯಕ ನಡೆಯಬೇಕಾದರೆ ಕಾಯವೂ ಉಳಿಯಬೇಕಲ್ಲವೇ?