ಮೂರನೇ ಪಿನ್ನನ್ನು ಮುರಿಯಬೇಡಿ

ಬ್ರಿಟನ್ನಿನ ಪ್ಲಗ್ಗು ನೋಡಲು ದಪ್ಪ, ಒರಟು. ಆದರೆ ಸುರಕ್ಷತೆಯಲ್ಲಿ ಅದನ್ನು ಮೀರಿಸುವ ವಿನ್ಯಾಸ ಅಪರೂಪ. 1947ರಲ್ಲಿ ಬಿಎಸ್ 1363 ಎಂಬ ಮಾನದಂಡವಾಗಿ ಬಂದ ಇದರ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ. ಮೊದಲು ಒಳಹೊಕ್ಕು, ಸಾಕೆಟ್ಟಿನ ಉಳಿದೆರಡು ತೂತುಗಳ ಮುಚ್ಚಳ ಸರಿಸುವುದು ಸಾಮಾನ್ಯವಾಗಿ ಅದೇ. ಮಗು ಆ ತೂತಿಗೆ ಮೊಳೆ ಚುಚ್ಚಿದರೂ ಮುಚ್ಚಳ ತಡೆಯುತ್ತದೆ. ಫೇಸ್, ನ್ಯೂಟ್ರಲ್ ಪಿನ್ನುಗಳ ಬುಡಕ್ಕೆ ಪ್ಲಾಸ್ಟಿಕ್ ಹೊದಿಕೆ, ಹೊಟ್ಟೆಯೊಳಗೆ ಫ್ಯೂಸು. ಸರಿಯಾಗಿ ಜೋಡಿಸಿದ್ದರೆ, ವೈರು ಜಗ್ಗಿದಾಗ ಮೊದಲು ಕಳಚುವುದು ಫೇಸ್, ಕೊನೆಗೆ ಅರ್ಥ್. ಎಷ್ಟು ಮುಂದಾಲೋಚನೆ!

ಜರ್ಮನಿಯ ಶುಕೋ ಸಾಕೆಟ್ಟು ಗುಳಿಯಂತಿರುವುದರಿಂದ ಬೆರಳು ಪಿನ್ನಿಗೆ ತಾಗದು. ಆದರೆ ಪ್ಲಗ್ಗನ್ನು ತಿರುಗಿಸಿಯೂ ಹಾಕಬಹುದು. ಅಮೆರಿಕದ ಚಪ್ಪಟೆ ಪಿನ್ನುಗಳಿಗೆ ಹೊದಿಕೆಯಿಲ್ಲ. ಅರೆಬರೆ ಕೂತರೆ ಲೋಹ ಹೊರಗೆ ಕಾಣುತ್ತದೆ.

ನಮ್ಮ ಮನೆಗಳ 6 ಮತ್ತು 16 ಆಂಪಿಯರ್ ಪ್ಲಗ್ಗುಗಳು ಬ್ರಿಟನ್ನಿನ ಹಳೆಯ ದುಂಡುಪಿನ್ನಿನ ವಂಶದವು. ಇವುಗಳಲ್ಲಿ ಫ್ಯೂಸಿಲ್ಲ, ಆದರೆ ಅರ್ಥ್ ಪಿನ್ನು ಇಲ್ಲೂ ಉದ್ದ, ದಪ್ಪ. ಅದನ್ನು ಮುರಿದು ಎರಡು ತೂತಿಗೆ ಹೊಂದಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ: ಗೀಸರಿನ ಮೈಗೆ ಕರೆಂಟು ಹರಿದರೆ ಅದಕ್ಕೆ ದಾರಿ ಕೊಡುವುದು ಆ ಪಿನ್ನೇ. ಪೆನ್ನಿನಿಂದ ಮೇಲಿನ ತೂತು ಒತ್ತಿ ಎರಡು ಪಿನ್ನಿನ ಚಾರ್ಜರ್ ತುರುಕುವುದೂ ಬೇಡ.

ಲಂಡನ್ನಿನಿಂದಲೋ ದುಬೈಯಿಂದಲೋ 3000 ವ್ಯಾಟಿನ ಕೆಟಲ್ ತಂದವರು ಅದನ್ನು ಅಡಾಪ್ಟರ್ ಮೂಲಕ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಬಾರದು. ಅದು ಸುಮಾರು 13 ಆಂಪಿಯರ್ ಎಳೆಯುತ್ತದೆ. ಸಾಕೆಟ್ಟು ಕಾದು ಕರಗೀತು. ಎಲೆಕ್ಟ್ರಿಷಿಯನ್ನರನ್ನು ಕರೆಸಿ, 16 ಆಂಪಿಯರ್ ಸಾಕೆಟ್ಟಿಗೆ ಹೊಂದುವ ಪ್ಲಗ್ಗನ್ನೇ ಹಾಕಿಸಿ.