ಪರೀಕ್ಷೆಗೊಂದು ಪರೀಕ್ಷೆ

ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುತ್ತಾನಷ್ಟೆ. ಆ ಒರೆಗಲ್ಲೇ ನಂಬತಕ್ಕದ್ದೆಂದು ತಿಳಿಯುವುದು ಹೇಗೆ? ರಕ್ತದಲ್ಲಿ ಎಚ್.ಐ.ವಿ. ಇದೆಯೇ ಎಂದು ಹೇಳುವ ಪರೀಕ್ಷೆಗಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ.

ಈ ವೈರಸ್ಸಿನ ಒಳತಿರುಳಿನ ಕವಚವು ಪಿ-24 ಎಂಬ ಪ್ರೋಟೀನಿನಿಂದ ಆದುದು. ಅದರ ಅಣುತೂಕ ಸುಮಾರು 24,000 ಆದುದರಿಂದ ಈ ಹೆಸರು. ದೇಹವು ಇದನ್ನು ಪರಕೀಯವೆಂದು ಗುರುತಿಸಿ ಇದಿರಾಗಿ ಪ್ರತಿಕಾಯಗಳನ್ನು ನಿರ್ಮಿಸುತ್ತದೆ. ಹೀಗೆ ಪ್ರತಿಕಾಯಗಳನ್ನು ಹುಟ್ಟಿಸುವ ವಸ್ತುವೇ ಪ್ರತಿಜನಕ. 1985ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಳಕೆಗೆ ಬಂದ ಮೊದಲ ಪರೀಕ್ಷೆಗಳು ಹುಡುಕಿದ್ದು ಪ್ರತಿಕಾಯಗಳನ್ನು. ಆದರೆ ಅವು ಹುಟ್ಟಲು ಕಾಲ ಹಿಡಿಯುತ್ತದೆ. ಅಷ್ಟರೊಳಗೆ ಸೋಂಕಿತನು ರಕ್ತದಾನ ಮಾಡಿದನೆನ್ನಿ: ಪರೀಕ್ಷೆಯು ಆ ರಕ್ತವನ್ನು ಶುದ್ಧವೆನ್ನುತ್ತದೆ, ಪಡೆದ ರೋಗಿಗೆ ವೈರಸ್ ದಾಟುತ್ತದೆ. 1990ರ ದಶಕದ ಅಂದಾಜಿನಂತೆ ಈ ಕುರುಡು ಅವಧಿ ಪ್ರತಿಕಾಯ ಪರೀಕ್ಷೆಗೆ ಸುಮಾರು 22 ದಿನ, ಪ್ರತಿಜನಕ ಪರೀಕ್ಷೆಗೆ ಸುಮಾರು 16 ದಿನ. ಆ ಆರು ದಿನಗಳ ಸಲುವಾಗಿಯೇ 1996ರಲ್ಲಿ ಅಲ್ಲಿಯ ರಕ್ತನಿಧಿಗಳು ಪ್ರತಿಜನಕ ಪರೀಕ್ಷೆಯನ್ನೂ ಕೈಗೊಂಡವು.

ವಿಧಾನವು ಸರಳ. ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಪಿ-24ನ್ನು ಹಿಡಿಯಬಲ್ಲ ಪ್ರತಿಕಾಯವನ್ನು ಅಂಟಿಸಿರುತ್ತಾರೆ. ರಕ್ತರಸವನ್ನು ಹಾಕಿ, ತೊಳೆದು, ಕಿಣ್ವವನ್ನು ಜೋಡಿಸಿದ ಇನ್ನೊಂದು ಪ್ರತಿಕಾಯವನ್ನು ಸೇರಿಸಿ, ಮತ್ತೆ ತೊಳೆಯುತ್ತಾರೆ. ಎರಡರ ನಡುವೆ ಪ್ರತಿಜನಕವು ಸಿಕ್ಕಿಕೊಂಡಿದ್ದರೆ, ಕಿಣ್ವಕ್ಕೆ ತಕ್ಕ ದ್ರಾವಣವನ್ನು ಹಾಕಿದಾಗ ಬಣ್ಣ ಏಳುತ್ತದೆ.

ಈಗ ಇದರ ಗ್ರಹಣಶಕ್ತಿಯನ್ನು, ಎಂದರೆ ನೂರು ಮಂದಿ ಸೋಂಕಿತರಲ್ಲಿ ಎಷ್ಟು ಮಂದಿಯನ್ನು ಅದು ಹಿಡಿಯಬಲ್ಲುದೆಂಬುದನ್ನು, ಅಳೆಯಬೇಕು. ಯಾವ ನೂರು ಮಂದಿ? ಎಲ್ಲ ತೊಡಕೂ ಇಲ್ಲಿಯೇ ಇದೆ. ವರ್ಷಗಳ ಹಿಂದೆ ಸೋಂಕು ತಗುಲಿದವರ ರಕ್ತದಲ್ಲಿ ಪ್ರತಿಜನಕವು ಹಲವೊಮ್ಮೆ ಪ್ರತಿಕಾಯದೊಡನೆ ಗಂಟು ಕಟ್ಟಿಕೊಂಡು ಗುಳಿಯ ಪ್ರತಿಕಾಯಕ್ಕೆ ಎಟುಕುವುದಿಲ್ಲ. (ಆಮ್ಲದಿಂದಲೋ ಶಾಖದಿಂದಲೋ ಆ ಗಂಟನ್ನು ಬಿಡಿಸುವ ಉಪಾಯಗಳುಂಟು.) ಅಂಥವರ ರಕ್ತದಿಂದ ತೂಗಿದರೆ ಪರೀಕ್ಷೆಯು ನಿಷ್ಪ್ರಯೋಜಕವೆಂದು ತೋರೀತು; ಮೊದಲ ವಾರಗಳ ರಕ್ತದಿಂದ ತೂಗಿದರೆ ಅದೇ ಪರೀಕ್ಷೆ ಮೇಲೆನಿಸೀತು. ಆದುದರಿಂದ ಸೋಂಕಿನ ಮೊದಲ ದಿನಗಳಲ್ಲಿ ಒಬ್ಬನೇ ವ್ಯಕ್ತಿಯಿಂದ ಕೆಲಕೆಲವು ದಿನಗಳಿಗೊಮ್ಮೆ ತೆಗೆದ ಮಾದರಿಗಳ ಸಾಲೇ ತಕ್ಕ ಒರೆಗಲ್ಲು. ಪದೇ ಪದೇ ಪ್ಲಾಸ್ಮಾ ಕೊಡುವ ದಾನಿಗಳಿಂದ ಇಂಥ ಸಾಲುಗಳು ದೊರೆತಿವೆ.

ಸೋಂಕಿಲ್ಲದವರನ್ನು ಸೋಂಕಿಲ್ಲದವರೆಂದೇ ಹೇಳುವ ಗುಣಕ್ಕೆ ನಿರ್ದಿಷ್ಟತೆಯೆಂದು ಹೆಸರು. ಅದು ನೂರಕ್ಕೆ 99.9 ಇದೆಯೆನ್ನೋಣ. ಒಂದು ಲಕ್ಷ ದಾನಿಗಳಲ್ಲಿ ಸೋಂಕಿತರು ಹತ್ತೇ ಮಂದಿಯಿದ್ದು, ಅವರೆಲ್ಲರೂ ಸಿಕ್ಕಿದರೂ, ಬಣ್ಣ ತೋರುವವರು ಸುಮಾರು 110. ಅವರಲ್ಲಿ ನೂರು ಮಂದಿ ನಿರಪರಾಧಿಗಳು! ಇಂಥವನೊಬ್ಬನಿಗೆ ಆ ಕಾಗದವನ್ನು ಕೊಡುವ ಮುನ್ನ ನಿಲ್ಲಬೇಡವೇ? ಅದಕ್ಕಾಗಿ ಮಾದರಿಗೆ ಎಚ್.ಐ.ವಿ. ಪ್ರತಿಕಾಯವನ್ನು ಬೆರೆಸಿ ಮತ್ತೆ ಪರೀಕ್ಷಿಸುತ್ತಾರೆ. ಇದ್ದುದು ನಿಜವಾದ ಪಿ-24 ಆದರೆ ಬಣ್ಣ ಅರ್ಧಕ್ಕಾದರೂ ಇಳಿಯಬೇಕು. ಇಳಿಯದಿದ್ದರೆ ಅದು ಬೇರಾವುದರದೋ ಆಟ.

ರಕ್ತನಿಧಿಗಳಲ್ಲಿ ಈ ಪರೀಕ್ಷೆಯೊಂದರಿಂದಲೇ ಸಿಕ್ಕ ಸೋಂಕಿತ ದಾನಿಗಳು ಬಹು ವಿರಳ. ಕುರುಡು ಅವಧಿಯನ್ನು ಸುಮಾರು 11 ದಿನಕ್ಕೆ ಇಳಿಸಿದ, ವೈರಸ್ಸಿನ ಆರ್.ಎನ್.ಎ.ಯನ್ನೇ ಹುಡುಕುವ ಪರೀಕ್ಷೆಗೆ 2002ರಲ್ಲಿ ಅಲ್ಲಿ ಪರವಾನಗಿ ದೊರೆತ ಮೇಲೆ, ಪ್ರತಿಜನಕ ಪರೀಕ್ಷೆ ಅಲ್ಲಿಂದ ಹಿಂದೆ ಸರಿಯಿತು. ಆಸ್ಪತ್ರೆಗಳಲ್ಲಿ ಅದು ಪ್ರತಿಕಾಯ ಪರೀಕ್ಷೆಯೊಡನೆ ಒಂದಾಗಿ ಉಳಿದಿದೆ. ಅಮೆರಿಕದಲ್ಲಿ ಇಂಥ ಜೋಡಿ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಇದನ್ನು ತೂಗುವವರು ಇನ್ನೂ ಎಚ್ಚರದಿಂದಿರಬೇಕು. ಹಳೆಯ ಸೋಂಕಿತರ ರಕ್ತದಲ್ಲಿ ಪ್ರತಿಕಾಯದ ಭಾಗವೊಂದೇ ಪೂರ್ಣಾಂಕ ತಂದುಕೊಡಬಲ್ಲುದು. ಪ್ರತಿಜನಕದ ಭಾಗವು ಪೂರ್ತಿ ಕೆಟ್ಟಿದ್ದರೂ ಆ ಅಂಕಿಯಲ್ಲಿ ಕಾಣಿಸದು.